ಕಮ್ಮಿ ಅಂದ್ರ ನಾಕು ರೊಟ್ಟಿ

ಗದಿಗೆವ್ವ ಎಂಬ ಹೆಸರು ಅವಳಿಗೆ ಅಜ್ಜಿಯಿಂದ ಬಂದದ್ದು. ಮುಂಡರಗಿಯ ಪೇಟೆಯಲ್ಲಿ ಶೇಂಗಾ, ಕಡಲೆಯ ಅಡತಿ ಅಂಗಡಿ ಇಟ್ಟಿದ್ದ ಚನ್ನಬಸವಣ್ಣನವರಿಗೆ ಅವಳು ಒಬ್ಬಳೇ ಮಗಳು. ಅವಳು ಹುಟ್ಟಿದ ವರ್ಷವೇ ಅಜ್ಜಿ ತೀರಿಕೊಂಡಿದ್ದರಿಂದ ಹೆಸರಿನ ಬಗ್ಗೆ ಮನೆಯಲ್ಲಿ ಎರಡನೆಯ ಮಾತೇ ಏಳಲಿಲ್ಲ. ಶಾಲೆಯಲ್ಲಿ ಪೂಜಾ, ಕಾವ್ಯಾ, ಸುಷ್ಮಾಗಳ ನಡುವೆ ಮಾಸ್ತರರು ಈ ಹೆಸರು ಕರೆದರೆ ಹಿಂದಿನ ಬೆಂಚುಗಳಿಂದ ಕಿಸಿಕಿಸಿ ನಗು ಕೇಳುತ್ತಿತ್ತು. ಮೊದಮೊದಲು ಮನೆಗೆ ಬಂದು ಅತ್ತಳು. ಆಮೇಲೆ "ಯಾಕ, ನಿಮ್ಮಜ್ಜಿ ಹೆಸರೇನು ಟ್ವಿಂಕಲ್ ಇತ್ತೇನು?" ಎಂದು ತಿರುಗಿ ಕೇಳುವುದನ್ನು ಕಲಿತಳು. ಅಲ್ಲಿಗೆ ನಗು ನಿಂತಿತು.

ಅವಳ ಮೊದಲ ಆಸೆ ಗಣಿತವಲ್ಲ, ಪೊಲೀಸ್ ಕೆಲಸ. ಪದವಿ ಮುಗಿಸಿದ ವರ್ಷ ನಸುಕಿನಲ್ಲೆದ್ದು ಓಡಿ ಓಡಿ ಕಾಲು ಗಟ್ಟಿ ಮಾಡಿಕೊಂಡು, ತಂದೆಯನ್ನು ಕರೆದುಕೊಂಡು ಗದಗಿನ ಮೈದಾನಕ್ಕೆ ಭರ್ತಿಗೆ ಹೋದಳು. ಆದರೆ ಓಟಕ್ಕೂ ಮುಂಚೆ ಎತ್ತರ ಅಳೆಯುವ ಕೋಲು ನಿಂತಿತ್ತು. ಹೆಣ್ಣುಮಕ್ಕಳು ಕನಿಷ್ಠ ನೂರಾ ಐವತ್ತೇಳು ಸೆಂಟಿಮೀಟರ್ ಇರಬೇಕು. ಅವಳ ಮುಂದೆ ನಿಂತಿದ್ದ ಹುಡುಗಿ ಸರಿಯಾಗಿ ನೂರಾ ಐವತ್ತೇಳಕ್ಕೆ ಮುಟ್ಟಿದಳು. ಅವಳನ್ನು ಒಳಗೆ ಬಿಟ್ಟರು. ಗದಿಗೆವ್ವ ನೂರಾ ಐವತ್ತೈದಕ್ಕೆ ನಿಂತಳು. ಬೆನ್ನು ಸೆಟೆಸಿದಳು, ಕತ್ತು ಎತ್ತಿದಳು, ಉಸಿರು ಬಿಗಿಹಿಡಿದಳು. ಅಳೆಯುತ್ತಿದ್ದ ಪೊಲೀಸ್ ಹೆಂಗಸು ಮೆಲ್ಲಗೆ, "ತಂಗಿ, ನನಗೂ ಕೆಟ್ಟ ಅನಸ್ತೈತಿ. ಆದ್ರ ಕೋಲು ನನ್ನ ಮಾತ ಕೇಳಂಗಿಲ್ಲ," ಎಂದಳು.

ಚನ್ನಬಸವಣ್ಣನವರು ಮಗಳನ್ನು ಬಸ್ ಸ್ಟ್ಯಾಂಡಿನ ಹತ್ತಿರ ಕೂರಿಸಿ ಗಿರ್ಮಿಟ್ಟು, ಬಿಸಿ ಮಿರ್ಚಿ ತಿನ್ನಿಸಿದರು. ಮಿರ್ಚಿಯ ಖಾರಕ್ಕೋ ಬೇರೆ ಯಾವುದಕ್ಕೋ ಅವಳ ಕಣ್ಣಲ್ಲಿ ನೀರು ಬಂತು. "ಎರಡ ಸೆಂಟಿಮೀಟರ್ ಹೋದ್ರ ಹೋಗ್ಲಿ ಬಿಡವಾ," ಎಂದರು ಅವರು. "ತಲಿ ಹೊರಗಿಂದ ಅಳದಾರ. ಒಳಗಿಂದ ಇನ್ನೂ ಯಾರೂ ಅಳದಿಲ್ಲ."

ಒಳಗಿನಿಂದ ಅಳೆಸಿಕೊಳ್ಳಲು ಅವಳು ಧಾರವಾಡಕ್ಕೆ ಹೋದಳು. ಗಣಿತದಲ್ಲಿ ಎಂ.ಎಸ್‌ಸಿ. ಮಾಡಿದಳು, ಬಿ.ಎಡ್. ಮಾಡಿದಳು, ಪರೀಕ್ಷೆ ಬರೆದು ಕಾದಳು, ಮತ್ತೆ ಬರೆದಳು. ಕೊನೆಗೆ ಲಕ್ಷ್ಮೇಶ್ವರದ ಒಂದು ಪದವಿಪೂರ್ವ ಕಾಲೇಜಿಗೆ ಗಣಿತದ ಉಪನ್ಯಾಸಕಿಯಾಗಿ ಬಂದಳು. ಕೆಲಸ ಸಿಗುವವರೆಗೆ ಮದುವೆ ಬೇಡವೆಂದು ಅವಳು ಹೇಳುತ್ತ ಬಂದಿದ್ದಳು. ಕೆಲಸ ಸಿಕ್ಕ ಮೇಲೆ ವಯಸ್ಸಾಯಿತೆಂದು ಬಂದವರು ಹೇಳತೊಡಗಿದರು. ಮೂವತ್ತಮೂರು ತುಂಬುವ ಹೊತ್ತಿಗೆ ಬರುವವರೂ ಕಡಿಮೆಯಾದರು. ಅದಕ್ಕೆ ಅವಳು ತಲೆ ಕೆಡಿಸಿಕೊಂಡವಳಲ್ಲ. ಅಲ್ಮಾಸಬಿಯ ಮನೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದಳು, ಕಿಟಕಿಯಿಂದ ಬೇವಿನ ಗಿಡ ಕಾಣುತ್ತಿತ್ತು, ಪಾಠ ಹೇಳುವುದು ಅವಳಿಗೆ ಸೇರುತ್ತಿತ್ತು. ಶನಿವಾರ ಮಧ್ಯಾಹ್ನ ಮುಂಡರಗಿಯ ಬಸ್ಸು ಹತ್ತಿದರೆ ರಾತ್ರಿ ಊಟಕ್ಕೆ ಅವ್ವನ ಕೈಯಡಿಗೆ.

ಆ ವರ್ಷ ಮೊದಲ ಪಿಯುಸಿಗೆ ಬಂದ ಮಕ್ಕಳಲ್ಲಿ ಮುಕ್ಕಾಲುಪಾಲು ಹಳ್ಳಿಯ ಕನ್ನಡ ಶಾಲೆಗಳವರು. ಹತ್ತನೆಯವರೆಗೆ ಎಲ್ಲವನ್ನೂ ಕನ್ನಡದಲ್ಲಿ ಓದಿ, ಇಲ್ಲಿಗೆ ಬಂದೊಡನೆ ಪುಸ್ತಕವೆಲ್ಲ ಇಂಗ್ಲಿಷ್. ಹೊಸ ನೀರಿಗೆ ಬಿಟ್ಟ ಮೀನುಗಳ ಹಾಗೆ ಮಕ್ಕಳು ಬಾಯಿ ಬಾಯಿ ಬಿಡುತ್ತಿದ್ದವು. ಗದಿಗೆವ್ವ ಇಂಗ್ಲಿಷಿನ ವಾಕ್ಯವನ್ನು ಮೊದಲು ಓದಿ, ಆಮೇಲೆ ಅದನ್ನೇ ಊರಿನ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದಳು. ಅಸಮತೆಗಳ ಪಾಠವನ್ನೂ ಹಾಗೆಯೇ ಮುಗಿಸಿದಳು. ಒಂದು ಸಂಗತಿ ಇನ್ನೊಂದಕ್ಕಿಂತ ದೊಡ್ಡದು, ಚಿಕ್ಕದು, ಇಷ್ಟನ್ನು ಮೀರಬಾರದು, ಇಷ್ಟಾದರೂ ಇರಬೇಕು ಎಂಬುದನ್ನೆಲ್ಲ ಗುರುತು ಹಾಕಿ ಬರೆಯುವ ಪಾಠ ಅದು. ಲೆಕ್ಕ ಬಿಡಿಸುವುದನ್ನು ಮಕ್ಕಳು ಬೇಗ ಹಿಡಿದರು. ಅವಳಿಗೆ ಸಮಾಧಾನವಾಯಿತು, ಒಂದು ಸಣ್ಣ ಪರೀಕ್ಷೆ ಕೊಟ್ಟಳು.

ಪ್ರಶ್ನೆ ಸರಳವಾಗಿತ್ತು. ಪ್ರವಾಸದ ಬಸ್ಸು ಹೊರಡಬೇಕಾದರೆ 'ಅಟ್ ಲೀಸ್ಟ್' ನಲವತ್ತು ವಿದ್ಯಾರ್ಥಿಗಳು ಬೇಕು. ವಿದ್ಯಾರ್ಥಿಗಳ ಸಂಖ್ಯೆ x ಆದರೆ ಅಸಮತೆ ಬರೆಯಿರಿ. ಅವಳು ಪೇಪರು ತಿದ್ದಲು ಕೂತಳು. ಮೊದಲನೆಯದರಲ್ಲಿ x < 40. ಎರಡನೆಯದರಲ್ಲೂ x < 40. ಹೀಗೇ ಒಂದರ ಹಿಂದೊಂದು. ಒಬ್ಬರನ್ನೊಬ್ಬರು ನೋಡಿ ಬರೆದಿದ್ದಾರೆ ಎಂದುಕೊಂಡು ಮರುದಿನ ತರಗತಿಯಲ್ಲಿ ಮುಖ ಗಂಟಿಕ್ಕಿಕೊಂಡೇ ಕೇಳಿದಳು: "ನಲವತ್ತಕ್ಕಿಂತ ಕಮ್ಮಿ ಮಂದಿ ಇದ್ರ ಬಸ್ ಬಿಡತಾರೇನು? ಯಾಕ ಹಿಂಗ ಬರದ್ರಿ?"

ಕಿಟಕಿಯ ಪಕ್ಕದ ಯಮನೂರಸಾಬ ಎದ್ದು ನಿಂತ. ಅವನ ತಂದೆ ಶಿರಹಟ್ಟಿಯ ದಾರಿಯಲ್ಲಿ ಟಂಟಂ ರಿಕ್ಷಾ ಓಡಿಸುತ್ತಿದ್ದರು. "ಮೇಡಮ್ರಿ, ಅಟ್ ಲೀಸ್ಟ್ ಅಂದ್ರ 'ಕಮ್ಮಿ ಅಂದ್ರ' ಅಂತ ನೀವ ಹೇಳಿದ್ರಿ. ಕಮ್ಮಿ ಅಂತ ಬಂತು, ಕಮ್ಮಿ ಗುರ್ತು ಹಾಕಿದ್ವಿ."

ಗದಿಗೆವ್ವ ಕೈಯಲ್ಲಿದ್ದ ಪೇಪರುಗಳನ್ನು ಮೇಜಿನ ಮೇಲಿಟ್ಟಳು. ಹೌದು, ಹೇಳಿದ್ದು ತಾನೇ. ಹಾಗೆಯೇ 'ಅಟ್ ಮೋಸ್ಟ್' ಎಂದರೆ 'ಹೆಚ್ಚಂದ್ರ' ಎಂದಿದ್ದಳು. ಅದಕ್ಕೆ ಮಕ್ಕಳು ಹೆಚ್ಚಿನ ಗುರುತು ಹಾಕಿದ್ದರು. ಮಕ್ಕಳು ನಕಲು ಮಾಡಿರಲಿಲ್ಲ, ಅವಳ ಮಾತನ್ನು ನಂಬಿದ್ದರು. "ಕುಂಡ್ರಪಾ," ಎಂದಳು. "ತಪ್ಪು ನಿಮ್ಮದಲ್ಲ. ನಾಳೆ ನೋಡೂಣು."

ನಾಳೆ ಏನು ಹೇಳಬೇಕೆಂಬುದು ಅವಳಿಗೂ ಗೊತ್ತಿರಲಿಲ್ಲ. ಪುಸ್ತಕದ ಮಾತಿನಲ್ಲಿ 'ಕನಿಷ್ಠ', 'ಗರಿಷ್ಠ' ಎಂದು ಬಾಯಿಪಾಠ ಮಾಡಿಸಬಹುದು. ಆದರೆ ಬಾಯಿಪಾಠ ಪರೀಕ್ಷೆ ಮುಗಿದ ಸಂಜೆಗೇ ಹಾರಿಹೋಗುತ್ತದೆಂದು ಅವಳಿಗೆ ತಿಳಿದಿತ್ತು. ಅದನ್ನೇ ಯೋಚಿಸುತ್ತ ಮನೆಗೆ ಬಂದರೆ ಅಲ್ಮಾಸಬಿ ಕೆಳಗಿನ ಪಡಸಾಲೆಯಿಂದಲೇ ಕರೆದರು. ಅರವತ್ತು ದಾಟಿದ ಆ ಹೆಂಗಸಿಗೆ ಮೇಲಿನ ಖೋಲಿಯ ಅಕ್ಕೋರು ಸಂಜೆ ಬರೀ ಬ್ರೆಡ್ಡು ತಿಂದು ಮಲಗುತ್ತಾರೆಂಬ ಸಂಶಯ ಬಹಳ ದಿನದಿಂದ ಇತ್ತು.

"ಬರ್ರಿ ಅಕ್ಕೋರ, ಕುಂಡ್ರಿ. ಬಿಸಿ ರೊಟ್ಟಿ ಅದಾವ, ಬದನಿಕಾಯಿ ಎಣ್ಣಿಗಾಯಿ ಮಾಡೇನಿ."

"ಎರಡ ಸಾಕ್ರಿ."

"ಎರಡು ಯಾವ ಮೂಲಿಗೆ ಸಾಲ್ತಾವು? ದಿನಾ ನಿಂತ ಕಲಿಸೋರು ನೀವು. ಕಮ್ಮಿ ಅಂದ್ರ ನಾಕು ರೊಟ್ಟಿ ತಿನ್ನಬೇಕು."

ಎಣ್ಣೆಗಾಯಿಯಲ್ಲಿ ಅದ್ದಿದ ತುತ್ತು ಗದಿಗೆವ್ವನ ಕೈಯಲ್ಲೇ ನಿಂತಿತು. "ಅಮ್ಮಾರ, ಮೂರು ತಿಂದ್ರ ನಡೀತೈತೇನು?"

"ನಡ್ಯಾಂಗಿಲ್ಲ. ನಾಕು ಅಂದೆನಲಾ."

"ಐದು ತಿಂದ್ರ?"

"ತಿನ್ರಿ, ನನಗೂ ಖುಷಿ. ಹತ್ತು ತಿಂತೀನಂದ್ರ ಇನ್ನೊಂದು ಮುಟಿಗಿ ಹಿಟ್ಟು ನಾದತೇನಿ." ಅಲ್ಮಾಸಬಿ ಅವಳ ಮುಖ ನೋಡಿದರು. "ಯಾಕ್ರಿ, ರೊಟ್ಟಿ ಉಪ್ಪಾಗ್ಯಾವೇನು?"

"ಇಲ್ರಿ. ಭಾಳ ಚಲೋ ಆಗ್ಯಾವ," ಎಂದು ಗದಿಗೆವ್ವ ಅವತ್ತು ಐದು ರೊಟ್ಟಿ ತಿಂದಳು.

ಮರುದಿನ ಕರಿಹಲಗೆಯ ಮೇಲೆ ಏನನ್ನೂ ಬರೆಯದೆ ತರಗತಿ ಶುರುಮಾಡಿದಳು. "ನಿಮ್ಮವ್ವ ಕಮ್ಮಿ ಅಂದ್ರ ನಾಕು ರೊಟ್ಟಿ ತಿನ್ನಬೇಕು ಅಂದ್ಲು. ಮೂರು ತಿಂದ ಎದ್ರಿ. ಏನಾಗತೈತಿ?"

"ಬೈತಾಳ್ರಿ," ಎಂದಿತು ಇಡೀ ತರಗತಿ.

"ನಾಕು ತಿಂದ್ರಿ?"

"ಬಿಡತಾಳ್ರಿ."

"ಆರು?"

"ಶಾಣ್ಯಾ ಅಂತಾಳ್ರಿ."

"ಹಂಗಾರ ಯಾವ ಅಂಕಿ ನಡೀತಾವು?"

ನಾಲ್ಕು, ಐದು, ಆರು, ಅದರಾಚೆಗಿನವು. ಮಕ್ಕಳೇ ಹೇಳಿದರು. ಅವಳು x ≥ 4 ಎಂದು ಬರೆದು, ಗುರುತಿನ ಕೆಳಗಿನ ಸಣ್ಣ ಗೆರೆಯನ್ನು ಮತ್ತೊಮ್ಮೆ ತಿದ್ದಿ ದಪ್ಪ ಮಾಡಿದಳು. "ಈ ಗೆರಿ ಅಂದ್ರ, ಸರಿಯಾಗಿ ಅಷ್ಟ ಇದ್ರೂ ಒಳಗ ಬಿಡತಾರ ಅಂತ," ಎಂದಾಗ ಗದಗಿನ ಮೈದಾನದಲ್ಲಿ ತನ್ನ ಮುಂದೆ ನಿಂತಿದ್ದ ಹುಡುಗಿ ನೆನಪಾದಳು. ಆ ಕತೆಯನ್ನೂ ಮಕ್ಕಳಿಗೆ ಹೇಳಿದಳು, ತನ್ನ ಎರಡು ಸೆಂಟಿಮೀಟರ್ ಸಹಿತ. ಆಮೇಲೆ ಅವಳು ಒಂದೇ ಒಂದು ಕಟ್ಟಳೆ ಹೇಳಿಕೊಟ್ಟಳು: "ಮಾತಿನಾಗ ಕಮ್ಮಿ ಐತೋ ಹೆಚ್ಚ ಐತೋ ನೋಡಬ್ಯಾಡ್ರಿ. ಒಂದು ಅಂಕಿ ಹಾಕಿ ನೋಡ್ರಿ. ಯಾವುದು ನಡೀತೈತಿ, ಯಾವುದು ನಡ್ಯಾಂಗಿಲ್ಲ ಅನ್ನೋದು ತಿಳದ ಮ್ಯಾಲ ಗುರ್ತು ಹಾಕ್ರಿ."

ಹೊರಡುವ ಮುನ್ನ ಇನ್ನೊಂದು ಕೆಲಸ ಕೊಟ್ಟಳು. ಮನೆಯಲ್ಲೋ ಪೇಟೆಯಲ್ಲೋ ಬಸ್ಸಿನಲ್ಲೋ ಇಂಥ ಒಂದು ಮಾತನ್ನು ಕೇಳಿ ಬರಬೇಕು, ಅದನ್ನು ಗುರುತು ಹಾಕಿ ಬರೆಯಬೇಕು.

ಮಕ್ಕಳು ತಂದ ಮಾತುಗಳಿಂದ ಆ ವಾರ ತರಗತಿ ಸಂತೆಯಾಯಿತು. ಯಮನೂರಸಾಬ ತನ್ನ ತಂದೆಯ ಮಾತು ತಂದ: "ಎಂಟು ಮಂದಿ ತುಂಬೋಮಟ ಗಾಡಿ ಬಿಡಂಗಿಲ್ಲ." ಅದನ್ನು x ≥ 8 ಎಂದು ಸರಿಯಾಗಿ ಬರೆದಿದ್ದ.

"ಮ್ಯಾಲಿನ ಮಿತಿ ಎಷ್ಟಪಾ?" ಎಂದಳು ಗದಿಗೆವ್ವ.

"ಅದನ್ನ ನಮ್ಮಪ್ಪ ಇನ್ನೂ ಕಂಡಿಲ್ರಿ," ಎಂದ ಅವನು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಅಡರಕಟ್ಟಿಯ ಹುಡುಗಿಯೊಬ್ಬಳು, ಹೊಲಕ್ಕೆ ಹತ್ತರೊಳಗೆ ಬುತ್ತಿ ಮುಟ್ಟಬೇಕು ಎಂಬ ಮಾತು ತಂದಳು. ಸರಿಯಾಗಿ ಹತ್ತಕ್ಕೆ ಮುಟ್ಟಿದರೆ ನಡೆಯುತ್ತದೋ ಇಲ್ಲವೋ, ಕೆಳಗೆ ಗೆರೆ ಬೇಕೋ ಬೇಡವೋ ಎಂದು ಎರಡು ಬೆಂಚಿನವರ ನಡುವೆ ವಾದ ಹತ್ತಿತು. "ಹತ್ತಕ್ಕ ಬೈಗಳ ಶುರು ಆಗಿರ್ತಾವು," ಎಂದು ಅವಳೇ ತೀರ್ಪು ಕೊಟ್ಟಳು. ಗೆರೆ ಬೇಡವೆಂದಾಯಿತು.

ಆಮೇಲೆ ಐಶ್ವರ್ಯಾ ಎದ್ದಳು. ಲಕ್ಷ್ಮೇಶ್ವರದವಳೇ ಆದ, ಯಾವುದನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದ ಹುಡುಗಿ. "ಮೇಡಮ್ರಿ, ಶಿರಹಟ್ಟಿಯಿಂದ ನಮ್ಮ ಆಯಿ ಬಂದಿದ್ರು, ನಮ್ಮವ್ವನ ತಾಯಿ. ನಮ್ಮ ಸೋದರಮಾವಗ ಹೆಣ್ಣ ನೋಡಾಕತ್ಯಾರ. ಹುಡುಗಿ ವಯಸ್ಸು ಮೂವತ್ತರ ಒಳಗ ಇರಬೇಕು, ಎತ್ತರ ಕಮ್ಮಿ ಅಂದ್ರ ಐದು ಅಡಿ ಎರಡು ಇಂಚು ಇರಬೇಕು ಅಂದ್ರು. ಎರಡು ಬರದೇನ್ರಿ."

ಎರಡನ್ನೂ ಹಲಗೆಯ ಮೇಲೆ ಬರೆಯಬೇಕಾಯಿತು. ವಯಸ್ಸಿಗೆ a < 30. ಎತ್ತರವನ್ನು ಇಂಚಿಗಿಳಿಸಿ h ≥ 62. ಹುಡುಗಿ ಒಂದೂ ತಪ್ಪದೆ ಬರೆದಿದ್ದಳು. ಒಂದು ಅಂಕಿ ಹಾಕಿ ನೋಡಬೇಕೆಂಬ ತನ್ನದೇ ಕಟ್ಟಳೆಯಂತೆ ಗದಿಗೆವ್ವ ಮನಸ್ಸಿನಲ್ಲಿ ಮೊದಲನೆಯದಕ್ಕೆ ಮೂವತ್ತಮೂರು ಹಾಕಿ ನೋಡಿದಳು, ಎರಡನೆಯದಕ್ಕೆ ಅರವತ್ತೊಂದು. ಎರಡೂ ನಡೆಯಲಿಲ್ಲ. ಎಲ್ಲೋ ಸಣ್ಣ ಮುಳ್ಳು ತಾಕಿದಂತಾಗಿ, ಮರುಗಳಿಗೆಗೆ ನಗುವೂ ಬಂತು.

"ಬರೋಬ್ಬರಿ ಐತಿ," ಎಂದು ಸೀಮೆಸುಣ್ಣದ ಕೈ ಒರೆಸಿಕೊಂಡಳು. "ಅಲ್ಲವಾ, ಶರ್ತು ಎಲ್ಲಾ ಹುಡುಗಿಗೆ ಅದಾವಲ್ಲ. ಹುಡುಗಗ ಏನೂ ಇಲ್ಲೇನು?"

ಐಶ್ವರ್ಯಾ ಯೋಚಿಸಿದಳು. "ಅದನ್ನ ಯಾರೂ ಕೇಳಿಲ್ರಿ. ನಾ ಕೇಳಿಕೊಂಡ ಬರ್ತೇನಿ."

ಬೇಡವೆನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಐಶ್ವರ್ಯಾ ಕೇಳಿಕೊಂಡೇ ಬಂದಳು. ಅವಳ ಮಾವ ಕೊಟ್ರೇಶ ಮಾಗಡಿ ಕೆರೆಯಲ್ಲಿ ಹಕ್ಕಿಗಳನ್ನು ಕಾಯುವ ಅರಣ್ಯ ಇಲಾಖೆಯ ಗಾರ್ಡ್. ತನ್ನ ಹೆಸರಿನಲ್ಲಿ ಇಂಥ ಶರ್ತುಗಳು ಓಡಾಡುತ್ತಿವೆಯೆಂಬುದೇ ಅವನಿಗೆ ಗೊತ್ತಿರಲಿಲ್ಲವಂತೆ. ಅವು ಕಾಲೇಜಿನ ಹಲಗೆಯ ಮೇಲೂ ಬಂದವೆಂದು ಕೇಳಿ ತಲೆ ಕೆರೆದುಕೊಂಡನಂತೆ. "ನಿಮ್ಮನ್ನ, ನಮ್ಮೆಲ್ಲಾರನ್ನ ಹಕ್ಕಿ ನೋಡಾಕ ಕರದಾರ್ರಿ. ಈಗ ಭಾಳ ಬಂದಾವಂತ," ಎಂದಳು.

ಹಕ್ಕಿಗಳ ವಿಷಯ ಪಾಠದಲ್ಲಿ ಇರಲಿಲ್ಲ. ಆದರೂ ಪ್ರಾಚಾರ್ಯರ ಒಪ್ಪಿಗೆ ಪಡೆದು ಡಿಸೆಂಬರಿನ ಒಂದು ಬೆಳಿಗ್ಗೆ ಗದಿಗೆವ್ವ ತರಗತಿಯನ್ನು ಕರೆದುಕೊಂಡು ಮಾಗಡಿಗೆ ಹೋದಳು. ಇಬ್ಬನಿ ಇನ್ನೂ ಆರಿರಲಿಲ್ಲ. ಕೆರೆಯ ನೀರಿನ ಮೇಲೆ ಬೂದು ಬಣ್ಣದ ಹೆಬ್ಬಾತುಗಳು ಹಾಸಿಕೊಂಡಿದ್ದವು. ಪ್ರತಿಯೊಂದರ ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಹಿಮಾಲಯದ ಆಚೆಯಿಂದ ಬರುತ್ತವೆಂದು ಕೊಟ್ರೇಶ ಹೇಳಿದ. ಬಿಸಿಲಿಗೆ ಕಂದಿದ ಮುಖ, ತೆಳ್ಳನೆಯ ಆಳು, ಕುತ್ತಿಗೆಯಲ್ಲಿ ದುರ್ಬೀನು. ಜೋರಾಗಿ ಮಾತಾಡಿದರೆ ಹಕ್ಕಿ ಎದ್ದುಹೋಗುತ್ತವೆಂಬ ರೂಢಿಯಿಂದಲೋ ಏನೋ ಅವನ ದನಿ ಎಲ್ಲೂ ಏರುತ್ತಿರಲಿಲ್ಲ.

"ಎಷ್ಟ ಅದಾವ್ರಿ?" ಎಂದ ಯಮನೂರಸಾಬ.

"ಎಲ್ಲಾರೂ ಇದನ್ನ ಕೇಳತಾರಪಾ. ಎಣಿಸೋದ್ರಾಗ ಕೆಲವು ಹಾರತಾವು, ಕೆಲವು ಬಂದ ಕೂಡತಾವು. ಹಾರೋದನ್ನ ಒಂದ ಅಂಕಿ ಒಳಗ ಹೆಂಗ ಹಿಡೀಲಿ? ಸಾವಿರಕ್ಕ ಕಮ್ಮಿ ಇಲ್ಲ, ಎರಡ ಸಾವಿರ ಮೀರಂಗಿಲ್ಲ. ಇಷ್ಟ ಹೇಳಬಲ್ಲೆ."

ಗದಿಗೆವ್ವ ಬಗ್ಗಿ ಒಂದು ಕಡ್ಡಿ ಎತ್ತಿಕೊಂಡು ಹಸಿ ಮಣ್ಣಿನ ಮೇಲೆ 1000 ≤ n ≤ 2000 ಎಂದು ಬರೆದಳು. ಕೊಟ್ರೇಶ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡಿದ.

"ಈ ಗುರ್ತು ಸಾಲ್ಯಾಗ ನೋಡಿದ್ದೆ, ಮರತ ಹೋಗೇತಿ."

"ಈ ಗುರ್ತಿನ ಬಾಯಿ ಯಾವಾಗಲೂ ದೊಡ್ಡದರ ಕಡೆ. n ಅಂದ್ರ ನಿಮ್ಮ ಹಕ್ಕಿ. ಈ ಎರಡರ ನಡುವ ಎಲ್ಲೋ ಅದಾವು."

ಅವನು ಗುರುತುಗಳ ಮೇಲೆ ಬೆರಳಾಡಿಸಿದ. "ಹಂಗಾರ ನನಗ ಗೊತ್ತಿದ್ದದ್ದನ್ನೂ ಬರದಂಗಾತು, ಗೊತ್ತಿಲ್ಲದ್ದನ್ನೂ ಬರದಂಗಾತು. ಚಲೋ ಐತಿ ಇದು."

ಇಷ್ಟು ವರ್ಷ ಪಾಠ ಹೇಳಿದರೂ ಆ ಗುರುತಿನ ಬಗ್ಗೆ ಅಂಥ ಮಾತನ್ನು ಅವಳು ಯಾರ ಬಾಯಿಂದಲೂ ಕೇಳಿರಲಿಲ್ಲ. ಅವಳು ಅವನತ್ತ ಸರಿಯಾಗಿ ನೋಡಿದ್ದು ಆಗಲೇ.

ಮಕ್ಕಳು ದುರ್ಬೀನಿಗಾಗಿ ಎಳೆದಾಡುತ್ತ ದಂಡೆಯ ಆ ತುದಿಗೆ ಹೋಗಿದ್ದರು. ಕೊಟ್ರೇಶ ಎದ್ದು ಕೈ ಝಾಡಿಸಿಕೊಂಡ. "ನಮ್ಮ ಮನಿ ಶರ್ತು ನಿಮ್ಮ ಬೋರ್ಡಿನ ಮ್ಯಾಲ ಬಂದಾವಂತ. ತಪ್ಪ ತಿಳ್ಕೋಬ್ಯಾಡ್ರಿ, ನಾ ಹಾಕಿದ್ದಲ್ಲ ಅವು."

"ತಪ್ಪೇನ ಐತಿ? ಮಕ್ಕಳಿಗೆ ಚಲೋ ಉದಾಹರಣೆ ಆತು," ಎಂದಳು. ಯಾಕೆ ಹೇಳಿದಳೋ ಅವಳಿಗೇ ತಿಳಿಯದು, ಮಾತು ಬಂದುಬಿಟ್ಟಿತು: "ನಾನೂ ಅಂಕಿ ಹಾಕಿ ನೋಡಿದೆ. ಎರಡರಾಗೂ ನಪಾಸು."

ಅವನು ಮೊದಲು ನಗಲಿಲ್ಲ. ಆಮೇಲೆ ಮೆಲ್ಲಗೆ ನಕ್ಕ. "ನನಗ ಮೂವತ್ತೇಳ್ರಿ. ನನ್ನ ಮ್ಯಾಲ ಯಾರೂ ಶರ್ತು ಹಾಕಿಲ್ಲಂತ ಪಾಸಾಗೇನಿ, ಅಷ್ಟ."

ಆ ದಿನದ ನಂತರ ಐಶ್ವರ್ಯಾ ಹಕ್ಕಿಗಳ ಖಬರು ತರತೊಡಗಿದಳು. ಹಾಜರಿ ಮುಗಿದೊಡನೆ, "ಮೇಡಮ್ರಿ, ಮಾವ ಹೇಳ್ಯಾರ, ನಿನ್ನೆ ಸಾವಿರದ ಐದನೂರಕ್ಕ ಕಮ್ಮಿ ಇದ್ದಿಲ್ಲಂತ." ಇನ್ನೊಂದು ದಿನ, "ಎರಡ ಸಾವಿರ ಮೀರ್ಯಾವಂತ, ಗುರ್ತು ತಿದ್ದಬೇಕಂತ." ತರಗತಿಯೂ ಇದನ್ನು ಪಾಠದ ಭಾಗವೆಂದೇ ತಿಳಿದು ಹಲಗೆಯ ಮೂಲೆಯಲ್ಲಿ ತಿದ್ದುತ್ತ ಬಂತು. ಸಂಕ್ರಾಂತಿಯ ಮರುದಿನ ಐಶ್ವರ್ಯಾ ಹಕ್ಕಿಗಳ ಮಾತೆತ್ತಲಿಲ್ಲ. ಎಲ್ಲರೂ ಹೊರಹೋಗುವವರೆಗೆ ಬಾಗಿಲಲ್ಲಿ ನಿಂತಿದ್ದು, "ಮುಂಡರಗ್ಯಾಗ ನಿಮ್ಮ ಮನಿ ಎಲ್ಲೈತಿ ಅಂತ ಮಾವ ಕೇಳ್ಯಾರ್ರಿ. ನಿಮ್ಮ ಮನಸ್ಸಿಗೆ ಬಂದ್ರ ಅಷ್ಟ ಹೇಳ್ರಿ ಅಂದಾರ," ಎಂದಳು.

ಗದಿಗೆವ್ವ ಆ ರಾತ್ರಿ ಯೋಚಿಸಿ, ಮರುದಿನ ಹೇಳಿದಳು.

ಮಾತು ಮನೆಯಿಂದ ಮನೆಗೆ ಹೋಯಿತು, ನಡುವೆ ಒಬ್ಬ ಮಧ್ಯಸ್ಥನೂ ಸೇರಿಕೊಂಡ. ಚನ್ನಬಸವಣ್ಣನವರು ಫೋನು ಮಾಡಿದರು. "ನೋಡವಾ, ಹುಡುಗನ ತಾಯಿ ಮೂವತ್ತರ ಒಳಗ ಇರಬೇಕು ಅಂತಾರಂತ. ಇಪ್ಪತ್ತೊಂಬತ್ತು ಅಂತ ಹೇಳೂಣು, ಯಾರ ಕೇಳತಾರ ಅಂತಾನ ಈ ಮಧ್ಯಸ್ಥ."

"ಅಪ್ಪಾ, ಬ್ಯಾಡ. ಮೂವತ್ಮೂರು ಅಂತ ಹೇಳ. ನಡದ್ರ ನಡೀಲಿ, ಇಲ್ಲಂದ್ರ ಇಲ್ಲ."

"ನಾನೂ ಅದನ್ನ ಹೇಳೇನಿ," ಎಂದರು ಚನ್ನಬಸವಣ್ಣನವರು. "ನಿನಗೊಂದ ಮಾತ ಕೇಳಿದ್ರಾತು ಅಂತ ಮಾಡಿದ್ದೆ."

ಕೊಟ್ರೇಶನ ತಾಯಿ ಸಿದ್ದಲಿಂಗವ್ವ ಮಗ, ಮಗಳು, ಮೊಮ್ಮಗಳು ಐಶ್ವರ್ಯಾಳೊಂದಿಗೆ ಒಂದು ಭಾನುವಾರ ಮುಂಡರಗಿಗೆ ಬಂದರು. ಎಪ್ಪತ್ತು ದಾಟಿದರೂ ನೆಟ್ಟಗೆ ನಡೆಯುವ, ಗಿಡ್ಡನೆಯ, ಖಡಕ್ಕು ಮಾತಿನ ಮುದುಕಿ. ಶ್ಯಾವಿಗೆ ಪಾಯಸದ ಬಟ್ಟಲು ಕೆಳಗಿಟ್ಟು ನೇರವಾಗಿ ಮಾತಿಗೆ ಬಂದರು.

"ನಿನಗ ಮೂವತ್ಮೂರು ಅಂತ ಹೇಳ್ಯಾರ. ಖರೆ ಏನವಾ?"

"ಖರೆ ಐತ್ರಿ. ಬರೋ ಶ್ರಾವಣಕ್ಕ ಮೂವತ್ನಾಕು."

"ಸುಳ್ಳ ಹೇಳಲಿಲ್ಲ, ಚಲೋ ಆತು. ಆದ್ರ ನಾ ಮೂವತ್ತರ ಒಳಗ ಅಂದದ್ದಕ್ಕ ಕಾರಣ ಐತಿ. ವಯಸ್ಸಾದ ಮ್ಯಾಲ ಮಕ್ಕಳು ಮರಿ ತ್ರಾಸ ಆಗತೈತಿ."

ಆಗ ಐಶ್ವರ್ಯಾ, ಯಾರೂ ಕೇಳದಿದ್ದರೂ, ಅಜ್ಜಿಯ ಪಕ್ಕದಿಂದ ಲೆಕ್ಕ ಹಾಕತೊಡಗಿದಳು. "ಆಯಿ, ನಿನಗೀಗ ಎಪ್ಪತ್ತೆರಡು. ಮಾವಗ ಮೂವತ್ತೇಳು. ಹಂಗಾರ ಮಾವನ್ನ ಹಡದಾಗ ನಿನಗ ಮೂವತ್ತೈದು ಆಗಿದ್ದುವಲಾ?"

"ಬಾಯಿ ಮುಚ್ಚಲೇ," ಎಂದರು ಅವಳ ತಾಯಿ.

ಸಿದ್ದಲಿಂಗವ್ವ ಮಾತ್ರ ಬಾಯಿ ಮುಚ್ಚೆನ್ನಲಿಲ್ಲ. ಬೆರಳು ಮಡಚಿ ತಾವೂ ಒಂದು ಸಲ ಎಣಿಸಿ ನೋಡಿದರು. ಎಣಿಕೆ ತಪ್ಪಿರಲಿಲ್ಲ. ಆಮೇಲೆ ಎದ್ದು ನಿಂತು, "ಬಾರವಾ ಇಲ್ಲೆ, ನನ್ನ ಬಾಜೂಕ ನಿಂದ್ರು," ಎಂದರು. ಗದಿಗೆವ್ವ ನಿಂತಳು. ಮುದುಕಿಯ ತುರುಬು ಅವಳ ಕಿವಿಯ ಮಟ್ಟಕ್ಕೆ ಬಂತು.

"ಐದು ಅಡಿ ಎರಡು ಇಂಚು ಅಂತ ನಾ ಹೇಳಿದ್ದೆ," ಎಂದರು ಸಿದ್ದಲಿಂಗವ್ವ, ಯಾರನ್ನೂ ನೋಡದೆ. "ನಾನ ಐದು ಅಡಿ ಇಲ್ಲ. ನನ್ನ ಶರ್ತಿನ್ಯಾಗ ನಾನ ಹಿಡಿಸಂಗಿಲ್ಲ." ಮತ್ತೆ ಕೂತರು. ಅವರ ಹೊಟ್ಟೆ ಕುಣಿಯುತ್ತಿದ್ದುದನ್ನು ನೋಡಿದ ಮೇಲೆಯೇ ಅವರು ನಗುತ್ತಿದ್ದಾರೆಂದು ಉಳಿದವರಿಗೆ ತಿಳಿದದ್ದು. "ಪಾಯಸ ಇನ್ನೊಂದೀಟು ಹಾಕ್ರಿ," ಎಂದರು.

ಹುಡುಗ ಹುಡುಗಿ ಮಾತಾಡಲಿ ಎಂದು ಹಿರಿಯರು ಇಬ್ಬರನ್ನೂ ಹಿತ್ತಲಿಗೆ ಕಳಿಸಿದರು. ಕರಿಬೇವಿನ ಗಿಡದ ಹತ್ತಿರ ನಿಂತು ಕೊಟ್ರೇಶ, "ಅವ್ವನ ಶರ್ತು ಮುಗದ್ವು. ಈಗ ನಿಮ್ಮವು ಹೇಳ್ರಿ," ಎಂದ.

"ನಾ ಕೆಲಸ ಬಿಡಂಗಿಲ್ಲ. ತಿಂಗಳಿಗೆ ಕಮ್ಮಿ ಅಂದ್ರ ಎರಡ ಸಲ ಮುಂಡರಗಿಗೆ ಬರಬೇಕು. ಅವ್ವ ಅಪ್ಪಗ ನಾ ಒಬ್ಬಾಕಿನ."

"ಎರಡಕ್ಕ ಮೀರಿ ಬಂದ್ರೂ ನನ್ನ ತಕರಾರಿಲ್ಲ."

"ನಿಮ್ಮದೇನರೆ ಐತೇನು?"

ಅವನು ಸಂಕೋಚದಿಂದ ಕೆಮ್ಮಿದ. "ಒಂದ ಐತ್ರಿ. ಉಪ್ಪಿಟ್ಟು. ಡ್ಯೂಟಿ ಮ್ಯಾಲ ತಿಂದ ತಿಂದ ಸಾಕಾಗೇತಿ. ವಾರಕ್ಕ ಹೆಚ್ಚಂದ್ರ ಒಂದ ಸಲ."

"ಸೊನ್ನಿ ಆದ್ರೂ ನಡೀತೈತಿ ಅಂದಂಗಾತು."

"ಸೊನ್ನಿ ಆದ್ರ ಭಾಳ ಚಲೋ," ಎಂದ ಕೊಟ್ರೇಶ, ಬಹಳ ಗಂಭೀರವಾಗಿ.

ಬೇಸಿಗೆಯ ರಜೆಯಲ್ಲಿ, ಎರಡೂ ಮನೆಯವರು ಕೂಡಿ, ಮುಂಡರಗಿಯಲ್ಲೇ ಗದ್ದಲವಿಲ್ಲದ ಮದುವೆಯಾಯಿತು. ಇಡೀ ತರಗತಿ ಯಮನೂರಸಾಬನ ತಂದೆಯ ಟಂಟಂ ಮತ್ತು ಅದರ ಹಿಂದೊಂದು ಬಾಡಿಗೆ ಟಂಟಂ ತುಂಬಿಕೊಂಡು ಬಂತು. ಅಲ್ಮಾಸಬಿ ತಮ್ಮ ಬಾಡಿಗೆದಾರಳನ್ನು ಕಳೆದುಕೊಂಡ ಸಿಟ್ಟನ್ನು ಹೋಳಿಗೆಯ ಮೇಲೆ ತೀರಿಸಿಕೊಂಡರು. ವಾರ್ಷಿಕ ಪರೀಕ್ಷೆಯಲ್ಲಿ ಅಸಮತೆಯ ಪ್ರಶ್ನೆಯನ್ನು ಒಬ್ಬ ಹುಡುಗ ಬಿಟ್ಟು ಎಲ್ಲರೂ ಸರಿ ಬರೆದಿದ್ದರು. ಆ ಒಬ್ಬ ಪ್ರಶ್ನೆಯನ್ನೇ ನೋಡಿರಲಿಲ್ಲವಂತೆ, ಅದು ಹಾಳೆಯ ಹಿಂಬದಿಗಿತ್ತು.

ಮದುವೆಯ ನಂತರ ಗದಿಗೆವ್ವ ಶಿರಹಟ್ಟಿಯಿಂದ ಬಸ್ಸಿನಲ್ಲಿ ಓಡಾಡಿದಳು. ಬೆಳಿಗ್ಗೆ ಬಸ್ಸು ತುಂಬಿರುತ್ತಿತ್ತು, ಕೆಲವು ದಿನ ಲಕ್ಷ್ಮೇಶ್ವರದವರೆಗೂ ನಿಂತೇ ಹೋಗಬೇಕಾಗುತ್ತಿತ್ತು. ಸಿದ್ದಲಿಂಗವ್ವ ಮೊದಲ ತಿಂಗಳು ಸೊಸೆಯ ಅಡಿಗೆಯಲ್ಲಿ ಹುಳುಕು ಹುಡುಕಿದರು, ಎರಡನೆಯ ತಿಂಗಳು ಹೇಳಿಕೊಟ್ಟರು, ಮೂರನೆಯ ತಿಂಗಳು ಒಲೆಯ ಮುಂದಿನಿಂದ ಅವಳನ್ನು ಎಬ್ಬಿಸಿ, "ನೀ ಪೇಪರ್ ತಿದ್ದಹೋಗು, ಇದು ನಿನಗ ತಿಳ್ಯಾಂಗಿಲ್ಲ," ಎಂದರು. ಅತ್ತೆ ಸೊಸೆಯರ ನಡುವೆ ಆಗಾಗ ಮಾತು ಬಿಸಿಯಾಗುತ್ತಿದ್ದುದುಂಟು. ಸಂಜೆ ಧಾರಾವಾಹಿಯ ಹೊತ್ತಿಗೆ ಇಬ್ಬರೂ ಒಂದೇ ಚಾಪೆಯ ಮೇಲಿರುತ್ತಿದ್ದರು.

ಮುಂಗಾರು ಬಂದಾಗ ಕೆರೆಯಲ್ಲಿ ಹೆಬ್ಬಾತುಗಳಿರಲಿಲ್ಲ. ಕೊಟ್ರೇಶನನ್ನು ಕಪ್ಪತಗುಡ್ಡದ ಇಳಿಜಾರಿನಲ್ಲಿ ಸಸಿ ನೆಡುವ ಕೆಲಸಕ್ಕೆ ಹಾಕಿದ್ದರು. ಆಷಾಢದ ಒಂದು ಭಾನುವಾರ ಗದಿಗೆವ್ವ ಬುತ್ತಿ ಕಟ್ಟಿಕೊಂಡು ಅವನ ಬೈಕಿನ ಹಿಂದೆ ಕೂತು ಗುಡ್ಡಕ್ಕೆ ಹೋದಳು. ಗಾಳಿ ಸೆರಗನ್ನು ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ದೂರದಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವನು ಕುಣಿ ತೋಡಿದ, ಅವಳು ಹೊಂಗೆಯ ಸಸಿಯನ್ನು ಇಟ್ಟು ಎರಡೂ ಕೈಯಿಂದ ಕೆಂಪು ಮಣ್ಣು ತುಂಬಿ ಒತ್ತಿದಳು.

"ಇನ್ನೂ ಒತ್ತಬೇಕು," ಎಂದ ಕೊಟ್ರೇಶ. "ಬೇರಿನ ಬಾಜೂಕ ಗಾಳಿ ಉಳೀಬಾರದು."

ಅವಳು ಎದ್ದು ನಿಂತು ಕಾಲಿನಿಂದ ಸುತ್ತಲೂ ತುಳಿದಳು. ಸಣ್ಣಗೆ ಮಳೆ ಹನಿಯತೊಡಗಿತು. ಇಬ್ಬರೂ ಓಡಿ ಬಂಡೆಯ ಮರೆಗೆ ಹೋಗಿ, ಮೊಸರನ್ನದ ಡಬ್ಬಿ ಬಿಚ್ಚಿ, ಮಳೆ ನಿಲ್ಲುವವರೆಗೂ ಅಲ್ಲೇ ಕೂತು ಉಂಡರು.